ಮಣ್ಣಾಗುವ ಮುನ್ನ: ಧರ್ಮಗುರುಗಳಿಗೆ ಒಂದು ಬಹಿರಂಗ ಪತ್ರ

ಪೂಜ್ಯ ಸ್ವಾಮೀಜಿಗಳೇ, ಪುರೋಹಿತರೇ, ಜಂಗಮರೇ, ಬಸದಿಗಳ ಭಟ್ಟಾರಕರೇ, ಮಾನ್ಯ ಮೌಲಾನರೇ, ವಂದನೀಯ ಪಾದ್ರಿಗಳೇ,



ಸಾವಾದ ಮನೆಯಿಂದ ಮೊದಲು ಕರೆ ಬರುವುದು ನಿಮಗೆ. ಹೆಣವನ್ನು ಯಾವ ದಿಕ್ಕಿಗೆ ಮಲಗಿಸಬೇಕು, ಎಷ್ಟು ಹೊತ್ತಿಗೆ ಎತ್ತಬೇಕು, ಮೂರನೆಯ ದಿನ ಏನು, ಹನ್ನೊಂದನೆಯ ದಿನ ಏನು, ಗುಸ್ಲ್ ಯಾರು ಮಾಡಿಸಬೇಕು, ಜನಾಝಾ ನಮಾಜು ಎಷ್ಟು ಹೊತ್ತಿಗೆ, ಸಮಾಧಿಯ ಬಳಿ ಯಾವ ಪ್ರಾರ್ಥನೆ, ಎಲ್ಲವೂ ನೀವು ಹೇಳಿದಂತೆ ನಡೆಯುತ್ತದೆ. ಬದುಕಿದ್ದಾಗ ಯಾರ ಮಾತಿಗೂ ಜಗ್ಗದವರ ಮನೆಯಲ್ಲಿ ಕೂಡ ಆ ಹೊತ್ತಿನಲ್ಲಿ ನಿಮ್ಮ ಮಾತಿಗೆ ಎದುರಾಡುವವರಿಲ್ಲ. ಈ ಅಧಿಕಾರವನ್ನು ನಿಮಗೆ ಕೊಟ್ಟಿರುವುದು ಜನರ ನಂಬಿಕೆ. ಅದೇ ಅಧಿಕಾರವನ್ನು ಒಂದು ಕೆಲಸಕ್ಕೆ ಬಳಸಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಸತ್ತ ಮೇಲೆ ಕಣ್ಣು ಕೊಡುವುದು, ಮೆದುಳು ಸತ್ತವರ ಅಂಗಾಂಗ ಕೊಡುವುದು, ವೈದ್ಯಕೀಯ ಕಲಿಕೆಗೆ ದೇಹ ಕೊಡುವುದು ಧರ್ಮಕ್ಕೆ ವಿರುದ್ಧವಲ್ಲ ಎಂದು ನೀವು ಬಾಯಿಬಿಟ್ಟು ಹೇಳಬೇಕು. ವಿರುದ್ಧವಲ್ಲ ಎಂದಷ್ಟೇ ಹೇಳಿ ಸುಮ್ಮನಾಗದೆ, ಇದು ಧರ್ಮದ ಕೆಲಸವೇ ಎಂದು ಹೇಳಬೇಕು.

ನಾನು ದೇವರನ್ನು ನಂಬುವವಳು. ನಂಬಿಕೆಯನ್ನು ಬಿಟ್ಟರೆ ಮಾತ್ರ ಮನುಷ್ಯ ದೊಡ್ಡವನಾಗುತ್ತಾನೆ ಎಂಬ ವಾದ ನನ್ನದಲ್ಲ. ಆದರೆ ನಂಬಿಕೆ ಮನುಷ್ಯನನ್ನು ಎಷ್ಟು ದೊಡ್ಡವನನ್ನಾಗಿ ಮಾಡಬಲ್ಲದು ಎಂಬುದಕ್ಕೆ ಅಳತೆ ಬೇಕಲ್ಲವೇ? ನನ್ನ ಕಣ್ಣಿಗೆ ಕಾಣುವ ಅಳತೆ ಇದು: ತನ್ನ ಕರುಳೇ ಕಿತ್ತುಬರುವಂಥ ದುಃಖದ ನಡುವೆಯೂ ಮುಖ ನೋಡದ ಇನ್ನೊಬ್ಬನ ನೆನಪು ಮಾಡಿಕೊಳ್ಳಲು ಅವನಿಗೆ ಸಾಧ್ಯವೇ? ಪ್ರಾಣಿಗಳಿಗೂ ದುಃಖವಿದೆ. ಸತ್ತ ಮರಿಯನ್ನು ದಿನಗಟ್ಟಲೆ ಬಿಟ್ಟುಕೊಡದ ಕೋತಿಗಳನ್ನು ನಾವೆಲ್ಲ ಕಂಡಿದ್ದೇವೆ. ತನ್ನ ಮಗುವಿನ ಸಾವಿನ ಘಳಿಗೆಯಲ್ಲಿ ಮತ್ತೊಬ್ಬರ ಮಗು ಬದುಕಲಿ ಎನ್ನುವುದು ಮಾತ್ರ ಮನುಷ್ಯನಿಗೆ ಸಿಕ್ಕಿರುವ ಭಾಗ್ಯ. ನಿಮ್ಮ ಪ್ರವಚನ, ಖುತ್ಬಾ, ಪ್ರಬೋಧನೆಗಳೆಲ್ಲ ನಮ್ಮನ್ನು ಕರೆದೊಯ್ಯಲು ಬಯಸುವುದು ಈ ಜಾಗಕ್ಕೇ ಎಂದು ತಿಳಿದಿದ್ದೇನೆ.

ತೀವ್ರ ನಿಗಾ ಘಟಕದ ಹೊರಗೆ ನಿಂತ ಕುಟುಂಬವೊಂದನ್ನು ನೆನೆಯಿರಿ. ಬೈಕಿನಿಂದ ಬಿದ್ದ ಹುಡುಗನ ಮೆದುಳು ಸತ್ತಿದೆ ಎಂದು ವೈದ್ಯರು ಹೇಳಿದ್ದಾರೆ. ಸಂಯೋಜಕರೊಬ್ಬರು ಬಂದು, ತಗ್ಗಿದ ದನಿಯಲ್ಲಿ, ಅಂಗಾಂಗ ದಾನದ ಬಗ್ಗೆ ಯೋಚಿಸುತ್ತೀರಾ ಎಂದು ಕೇಳುತ್ತಾರೆ. ತಾಯಿ ಮಾತಾಡುವ ಸ್ಥಿತಿಯಲ್ಲಿಲ್ಲ. ತಂದೆ ಅಣ್ಣನ ಮುಖ ನೋಡುತ್ತಾನೆ. ಆ ಅಣ್ಣ ಊರಿಗೆ ಫೋನು ಮಾಡುತ್ತಾನೆ. ಊರಿನವರು ನಿಮ್ಮನ್ನು ಕೇಳುತ್ತಾರೆ. ನೀವು 'ಕೊಡಿ, ಪುಣ್ಯದ ಕೆಲಸ' ಎಂದರೆ ಹಲವು ಮನೆಗಳ ದೀಪ ಉಳಿಯುತ್ತದೆ. 'ನೋಡಿಕೊಂಡು ಮಾಡಿ' ಎಂದರೂ ಸಾಕು, ಆ ಮಾತು ಬೇಡ ಎಂದಂತೆಯೇ ಆಗುತ್ತದೆ. ನಮ್ಮ ದೇಶದಲ್ಲಿ ಬದುಕಿದ್ದಾಗ ಬರೆದುಕೊಟ್ಟ ಪ್ರತಿಜ್ಞೆ ಎಷ್ಟೇ ಇರಲಿ, ಕೊನೆಗೆ ನಡೆಯುವುದು ಮನೆಯವರ ಒಪ್ಪಿಗೆ. ಆ ಒಪ್ಪಿಗೆಯ ಹಿಂದೆ ನಿಂತಿರುವವರು ನೀವು.

ಜನರಲ್ಲಿರುವ ಭಯಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡರಾಗಿ ಹುಟ್ಟುತ್ತಾರಂತೆ. ಅಂಗ ಊನವಾದ ದೇಹಕ್ಕೆ ಸದ್ಗತಿ ಇಲ್ಲವಂತೆ. ಕಯಾಮತ್ತಿನ ದಿನ ಎದ್ದು ನಿಲ್ಲಬೇಕಾದವನು ಅರ್ಧಂಬರ್ಧ ದೇಹ ಹೊತ್ತು ನಿಲ್ಲುವುದು ಹೇಗೆ ಎಂದು ಕೇಳುವವರಿದ್ದಾರೆ. ಪುನರುತ್ಥಾನದ ಮಾತು ಎತ್ತಿ ಅದನ್ನೇ ಕೇಳುವ ಕ್ರೈಸ್ತರೂ ಇದ್ದಾರೆ. ಇವನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸರಿಯಲ್ಲ. ಪ್ರೀತಿಸಿದವರ ದೇಹಕ್ಕೆ ನೋವಾಗಬಾರದು, ಅವಮಾನವಾಗಬಾರದು ಎಂಬ ಕಕ್ಕುಲಾತಿ ಇವುಗಳ ಬೇರಿನಲ್ಲಿದೆ. ಆ ಕಕ್ಕುಲಾತಿಗೆ ಗೌರವ ಕೊಟ್ಟೇ ಉತ್ತರ ಹೇಳಬೇಕು, ಮತ್ತು ಆ ಉತ್ತರ ಡಾಕ್ಟರರ ಬಾಯಿಂದ ಬಂದರೆ ಸಾಲದು, ನಿಮ್ಮ ಬಾಯಿಂದ ಬರಬೇಕು.

ಆತ್ಮಕ್ಕೆ ಸಾವಿಲ್ಲ, ದೇಹ ಪಂಚಭೂತಗಳಲ್ಲಿ ಸೇರಿಹೋಗುತ್ತದೆ ಎಂದು ಗೀತೆಯ ಪ್ರವಚನದಲ್ಲಿ ನೀವೇ ಹೇಳುತ್ತೀರಿ. ಬೆಂಕಿಗೆ ಕೊಟ್ಟ ಕಣ್ಣು ಮುಂದಿನ ಜನ್ಮಕ್ಕೆ ಉಳಿಯುತ್ತದೆ, ಇನ್ನೊಬ್ಬನಿಗೆ ಕೊಟ್ಟ ಕಣ್ಣು ಉಳಿಯುವುದಿಲ್ಲ ಎನ್ನುವುದಕ್ಕೆ ಯಾವ ಶಾಸ್ತ್ರದ ಆಧಾರವಿದೆ? ಕರ್ಮಸಿದ್ಧಾಂತವನ್ನು ಒಪ್ಪುವವರಿಗಂತೂ ದಾನದ ಫಲ ಕುರುಡುತನವಾಗುವುದು ಸಾಧ್ಯವೇ ಇಲ್ಲ. ಮಣ್ಣಿನಲ್ಲಿ ಮಣ್ಣಾದ ದೇಹವನ್ನು ಮತ್ತೆ ಎಬ್ಬಿಸಬಲ್ಲ ಸರ್ವಶಕ್ತನಿಗೆ ಒಂದು ಮೂತ್ರಪಿಂಡ ಎಲ್ಲಿದೆ ಎಂದು ತಿಳಿಯದೆ ಹೋಗುತ್ತದೆಯೇ? ಕಡಲಲ್ಲಿ ಮುಳುಗಿದವರನ್ನು, ಬೆಂಕಿಯಲ್ಲಿ ಬೆಂದವರನ್ನು ಕೈಬಿಡದವನು ಕೊಟ್ಟು ಹೋದವನನ್ನು ಕೈಬಿಡುತ್ತಾನೆಯೇ? ಇದನ್ನು ನಾನು ಹೇಳಿದರೆ ವಾದವಾಗುತ್ತದೆ. ನೀವು ಹೇಳಿದರೆ ಜನರ ಎದೆಯ ಭಾರ ಇಳಿಯುತ್ತದೆ.

ಕೊಡುವುದನ್ನು ಕಲಿಸಲು ನಮ್ಮ ಪರಂಪರೆಗಳು ಹೊರಗಿನಿಂದ ಏನನ್ನೂ ಸಾಲ ತರಬೇಕಿಲ್ಲ. ವಜ್ರಾಯುಧಕ್ಕಾಗಿ ಬೆನ್ನುಮೂಳೆ ಕೊಟ್ಟ ದಧೀಚಿಯ ಕಥೆ ಹೇಳದ ಪುರಾಣಿಕರಿಲ್ಲ. ಪಾರಿವಾಳದ ತೂಕಕ್ಕೆ ತನ್ನ ಮೈಯ ಮಾಂಸವನ್ನೇ ತಕ್ಕಡಿಗೆ ಹಾಕಿದ ಶಿಬಿಯನ್ನು ಮಕ್ಕಳೂ ಬಲ್ಲರು. ಜೈನರು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಶ್ರಾವಕನ ಕರ್ತವ್ಯವೆಂದು ಬಗೆದವರು. ಮರಣದಂಚಿನಲ್ಲಿ ಇರುವವನಿಗೆ ಯಕೃತ್ತು ಕೊಟ್ಟರೆ ಅದು ಔಷಧದಾನವೂ ಹೌದು, ಅಭಯದಾನವೂ ಹೌದು. ಇನ್ನು ಕಣ್ಣಪ್ಪ. ಶಿವನ ಕಣ್ಣಿನಿಂದ ರಕ್ತ ಸುರಿದಾಗ ತನ್ನ ಕಣ್ಣನ್ನೇ ಕಿತ್ತು ಇಟ್ಟ ಆ ಬೇಡ ಅರವತ್ತಮೂರು ಪುರಾತನರಲ್ಲಿ ಒಬ್ಬನಾದ. ಕವಿ ಹರಿಹರ ಅವನ ಮೇಲೆ ರಗಳೆ ಬರೆದ. ಮಂತ್ರ ತಂತ್ರ ಏನೂ ತಿಳಿಯದ ಒಬ್ಬನ ಭಕ್ತಿಯನ್ನು ನಾವು ನೂರಾರು ವರ್ಷಗಳಿಂದ ಕೊಂಡಾಡುತ್ತಿರುವುದು ಅವನು ಕಣ್ಣು ಕೊಟ್ಟ ಕಾರಣಕ್ಕೆ.

ಕನ್ನಡಿಗರಿಗೆ ಈ ಕಥೆಯ ಮುಂದುವರಿಕೆಯೂ ಗೊತ್ತಿದೆ. 1954ರಲ್ಲಿ ತೆರೆಗೆ ಬಂದ 'ಬೇಡರ ಕಣ್ಣಪ್ಪ'ದಲ್ಲಿ ಕಣ್ಣಪ್ಪನಾಗಿ ನಿಂತು ನಾಯಕನಟರಾದ ಡಾ. ರಾಜ್‌ಕುಮಾರ್ 1994ರಲ್ಲಿ ತಮ್ಮ ಹೆಸರಿನ ನೇತ್ರ ಬ್ಯಾಂಕನ್ನು ಉದ್ಘಾಟಿಸಿದರು, ತಮ್ಮ ಇಡೀ ಕುಟುಂಬದ ಕಣ್ಣುಗಳನ್ನು ದಾನ ಮಾಡುವುದಾಗಿ ಹೇಳಿದರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಆ ಮಾತು ನಡೆಯಿತು. 2017ರಲ್ಲಿ ಅವರ ಪತ್ನಿ ಪಾರ್ವತಮ್ಮನವರ ಕಣ್ಣುಗಳೂ ದಾನವಾದವು. 2021ರ ಅಕ್ಟೋಬರ್ 29ರಂದು ಅವರ ಮಗ, ನಟ ಪುನೀತ್ ಹಠಾತ್ತನೆ ಹೋದಾಗ ಇಡೀ ರಾಜ್ಯವೇ ದಿಕ್ಕೆಟ್ಟು ನಿಂತಿತ್ತು. ಆ ಗದ್ದಲ ಗೋಳಾಟದ ನಡುವೆಯೂ ಮನೆಯವರು ಕೊಟ್ಟ ಮಾತು ಮರೆಯಲಿಲ್ಲ. ವೈದ್ಯರು ಒಂದೊಂದು ಕಾರ್ನಿಯಾವನ್ನೂ ಮುಂಪದರ, ಹಿಂಪದರ ಎಂದು ಬೇರ್ಪಡಿಸಿ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ಆಮೇಲೆ ಊರೂರುಗಳಲ್ಲಿ ಹುಡುಗರು ಸಾಲುಗಟ್ಟಿ ನೇತ್ರದಾನದ ಅರ್ಜಿ ತುಂಬಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಅಪಘಾತದಲ್ಲಿ ಮೆದುಳು ನಿಷ್ಕ್ರಿಯವಾದ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಮನೆಯವರು ದಾನ ಮಾಡಿದ್ದರು. ನಟರ ಮಾತಿಗೆ ಜನ ಇಷ್ಟು ಓಗೊಡುತ್ತಾರೆ ಎಂದಾದರೆ, ಗುರುಗಳ ಮಾತಿಗೆ ಇನ್ನೆಷ್ಟು ಓಗೊಡಬೇಡ?

ಗುರುಗಳು ಮನಸ್ಸು ಮಾಡಿದರೆ ಒಂದು ದೇಶವೇ ಬದಲಾಗುತ್ತದೆ ಎಂಬುದಕ್ಕೆ ಶ್ರೀಲಂಕೆ ಸಾಕ್ಷಿ. ಹಡ್ಸನ್ ಸಿಲ್ವಾ ಎಂಬ ವೈದ್ಯರು 1961ರಲ್ಲಿ ಅಲ್ಲಿ ನೇತ್ರದಾನ ಸಂಘ ಕಟ್ಟಿದರು. ಜಾತಕ ಕಥೆಗಳಲ್ಲಿ ಶಿಬಿ ರಾಜ ಕುರುಡನೊಬ್ಬನಿಗೆ ತನ್ನ ಕಣ್ಣುಗಳನ್ನೇ ಕೊಡುತ್ತಾನೆ. ಬೋಧಿಸತ್ವನ ಆ ದಾನವನ್ನು ಕೇಳುತ್ತಲೇ ಬೆಳೆದ ಬೌದ್ಧರಿಗೆ ನೇತ್ರದಾನ ಹೊಸ ಮಾತು ಎನ್ನಿಸಲಿಲ್ಲ, ಭಿಕ್ಷುಗಳು ಅದನ್ನು ಪುಣ್ಯಕಾರ್ಯವೆಂದೇ ಸಾರಿದರು. ತಮ್ಮ ಅಗತ್ಯ ತೀರಿ ಮಿಕ್ಕಿದ ಕಾರ್ನಿಯಾಗಳನ್ನು ಆ ಪುಟ್ಟ ದ್ವೀಪದವರು 1964ರಿಂದ ಹೊರದೇಶಗಳಿಗೆ ಕಳಿಸುತ್ತ ಬಂದಿದ್ದಾರೆ. ಅಧ್ಯಕ್ಷರಾಗಿದ್ದ ಜೆ.ಆರ್. ಜಯವರ್ಧನೆ 1996ರಲ್ಲಿ ತೀರಿಕೊಂಡಾಗ ಅವರ ಒಂದು ಕಣ್ಣು ಜಪಾನಿಗೆ ಹೋಯಿತು. ಬಡತನವನ್ನೂ, ಮುಂದೆ ಅಂತರ್ಯುದ್ಧವನ್ನೂ ಕಂಡ ನಾಡು ಜಗತ್ತಿಗೆ ಬೆಳಕು ಹಂಚಿತು. ಧರ್ಮದ ಕಥೆಯೊಂದು ಜನರ ನಡವಳಿಕೆಯಾದ ಬಗೆ ಇದು.

ಇಟಲಿಯಲ್ಲಿ ಡಾನ್ ಕಾರ್ಲೊ ನ್ಯೋಕ್ಕಿ ಎಂಬ ಪಾದ್ರಿ ಇದ್ದರು. ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಮಕ್ಕಳಿಗಾಗಿ ಬದುಕನ್ನೇ ಮುಡಿಪಿಟ್ಟವರು. ಸಾಯುವ ಹೊತ್ತಿನಲ್ಲಿ ತಮ್ಮ ಕಣ್ಣುಗಳನ್ನು ಇಬ್ಬರು ಕುರುಡು ಮಕ್ಕಳಿಗೆ ಕೊಡಬೇಕೆಂದು ಹೇಳಿದರು. 1956ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡಾಗ ಅದಕ್ಕೆ ಅವಕಾಶ ಕೊಡುವ ಕಾನೂನೇ ಆ ದೇಶದಲ್ಲಿರಲಿಲ್ಲ. ಆದರೂ ವೈದ್ಯರು ಅವರ ಆಸೆ ನಡೆಸಿಕೊಟ್ಟರು. ಕಾನೂನು ಅವರ ಹಿಂದೆಯೇ ಬಂತು. ಕ್ಯಾಥೊಲಿಕ್ ಸಭೆ 2009ರಲ್ಲಿ ಅವರನ್ನು ಧನ್ಯರೆಂದು ಘೋಷಿಸಿತು. ಪೋಪ್ ಎರಡನೆಯ ಜಾನ್ ಪಾಲ್ ಅವರು 2000ದಲ್ಲಿ ರೋಮಿನಲ್ಲಿ ಅಂಗ ಕಸಿ ವೈದ್ಯರ ಸಮ್ಮೇಳನದಲ್ಲಿ ಮಾತಾಡುತ್ತ ಅಂಗದಾನವನ್ನು ಪ್ರೀತಿಯ ಕೆಲಸವೆಂದು ಎತ್ತಿಹಿಡಿದರು. ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ವಿದ್ವಾಂಸರು 1986ರಲ್ಲಿ ಅಮ್ಮಾನಿನಲ್ಲಿ ಸೇರಿ ಮೆದುಳಿನ ಸಾವನ್ನು ಚರ್ಚಿಸಿ ಒಪ್ಪಿದರು, 1988ರಲ್ಲಿ ಜಿದ್ದಾದಲ್ಲಿ ಷರತ್ತುಗಳೊಂದಿಗೆ ಅಂಗ ಕಸಿಗೆ ಸಮ್ಮತಿ ಕೊಟ್ಟರು. ನಮ್ಮ ದೇಶದ ಉಲೇಮಾಗಳಲ್ಲಿ ಈ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ ಎಂಬುದು ನಿಜ. ಒಂದು ಜೀವದ ಬೆಲೆ ಏನೆಂದು ಕುರ್‌ಆನ್ ಹೇಳುವುದನ್ನು ಖುತ್ಬಾದಲ್ಲಿ ವಿವರಿಸುವ ಮಾನ್ಯ ಮೌಲಾನರು ಈ ಚರ್ಚೆಯನ್ನು ಮಸೀದಿಯ ಅಂಗಳಕ್ಕೂ ತರಬೇಕು ಎಂದು ವಿನಯದಿಂದ ಕೇಳುತ್ತೇನೆ.

ಮೆದುಳಿನ ಸಾವಿನ ಬಗ್ಗೆ ನಿಮ್ಮಲ್ಲಿ ಅನೇಕರಿಗೆ ಗಂಭೀರವಾದ ಅಳುಕು ಇದೆ. ಇರಬೇಕಾದ್ದೇ. ಮೈ ಬೆಚ್ಚಗಿದೆ, ಎದೆ ಏರಿಳಿಯುತ್ತಿದೆ, ಯಂತ್ರದ ಪರದೆಯ ಮೇಲೆ ಹೃದಯ ಬಡಿಯುತ್ತಿದೆ. ಉಸಿರಿರುವವರನ್ನು ಸತ್ತರು ಎನ್ನುವುದು ಹೇಗೆ? ಪ್ರಾಣವೆಂದರೆ ಉಸಿರು ಎಂದು ನಂಬಿದ ನಾಡು ನಮ್ಮದು. ಊರಿನಲ್ಲಿ ಹಿರಿಯರು ಮೂಗಿನ ಬಳಿ ಹತ್ತಿ ಹಿಡಿದು ನೋಡುತ್ತಿದ್ದರು. ವೈದ್ಯರು ಮಾಡುವ ಕೊನೆಯ ಪರೀಕ್ಷೆಯೂ ಉಸಿರಿನದೇ. ವೆಂಟಿಲೇಟರನ್ನು ಬೇರ್ಪಡಿಸಿ, ಆಮ್ಲಜನಕವನ್ನು ಮಾತ್ರ ಒದಗಿಸುತ್ತ, ರೋಗಿ ತಾನಾಗಿ ಒಂದಾದರೂ ಉಸಿರು ಎಳೆಯುತ್ತಾನೆಯೇ ಎಂದು ಕಾಯುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತ ಹೋದಂತೆ ಮೆದುಳಿನ ಕಾಂಡ ಜೀವಂತವಿದ್ದರೆ ಉಸಿರು ಎಳೆ ಎಂದು ಆಜ್ಞೆ ಕೊಡಲೇಬೇಕು. ಆ ಆಜ್ಞೆ ಬರದಿದ್ದರೆ, ಕಣ್ಣಿನ ಪಾಪೆಯೂ ಗಂಟಲೂ ಪ್ರತಿಕ್ರಿಯಿಸದಿದ್ದರೆ, ಒಳಗಿನ ಉಸಿರು ಹೋಗಿಯಾಗಿದೆ. ಕಾಣುತ್ತಿರುವುದು ಯಂತ್ರ ಊದುತ್ತಿರುವ ಗಾಳಿ. ಈ ಪರೀಕ್ಷೆಗಳನ್ನು ಕನಿಷ್ಠ ಆರು ಗಂಟೆ ಬಿಟ್ಟು ಎರಡನೆಯ ಸಲ ಮಾಡಬೇಕು, ನಾಲ್ವರು ವೈದ್ಯರು ಸಹಿ ಹಾಕಬೇಕು, ಕಸಿ ಮಾಡುವ ತಂಡದವರು ಆ ನಾಲ್ವರಲ್ಲಿ ಇರಕೂಡದು ಎಂದು ಕಾನೂನು ಹೇಳುತ್ತದೆ. ಕೋಮಾದಿಂದ ಎದ್ದು ಬಂದವರ ಸುದ್ದಿ ನಾವು ಕೇಳಿರುತ್ತೇವೆ. ಕೋಮಾದಲ್ಲಿ ಮೆದುಳು ಬದುಕಿರುತ್ತದೆ. ಈ ವ್ಯತ್ಯಾಸವನ್ನು ತಿಳಿಸಿ ಹೇಳುವ ಒಬ್ಬ ಗುರುವಿದ್ದರೆ, ಮಗನನ್ನು ನಾವೇ ಕೊಂದೆವೇನೋ ಎಂಬ ಸಂಕಟ ಒಂದು ತಾಯಿಯನ್ನು ಜೀವನಪೂರ್ತಿ ಕಾಡುವುದಿಲ್ಲ.

ಆಸ್ಪತ್ರೆಗಳನ್ನು ನಂಬುವುದು ಹೇಗೆ ಎಂದು ಜನ ಕೇಳುತ್ತಾರೆ. ಅದಕ್ಕೂ ಕಾರಣವಿದೆ. ನಮ್ಮ ರಾಜ್ಯವೂ ಸೇರಿ ದೇಶದ ಹಲವೆಡೆ ಬಡವರ ಮೂತ್ರಪಿಂಡಗಳು ಮಾರಾಟವಾದ ಕಾಲವಿತ್ತು. ಅದಕ್ಕೆ ತಡೆಯೊಡ್ಡಲೆಂದೇ 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ಬಂತು, ಅಂಗವನ್ನು ಕೊಳ್ಳುವುದು ಮಾರುವುದು ಅಪರಾಧವಾಯಿತು. ಕರ್ನಾಟಕದಲ್ಲಿ ಸತ್ತವರ ಅಂಗಾಂಗ ಯಾರಿಗೆ ಹೋಗಬೇಕೆಂದು ನೋಡಿಕೊಳ್ಳುವುದು 'ಜೀವಸಾರ್ಥಕತೆ' ಎಂಬ ಸರ್ಕಾರಿ ವ್ಯವಸ್ಥೆ. ಕಾಯುವವರ ಪಟ್ಟಿ ಅದರ ಬಳಿ ಇರುತ್ತದೆ. ಹಾಗೆಂದು ಎಚ್ಚರ ಬಿಡಬೇಕಿಲ್ಲ. ಹಣವುಳ್ಳವನಿಗೆ ಮೊದಲು ಅಂಗ, ಬಡವನಿಗೆ ಕಾಯುವ ಭಾಗ್ಯ ಎಂದಾಗದಂತೆ ಸಮಾಜ ಕಣ್ಣಿಟ್ಟಿರಬೇಕು, ಪ್ರಶ್ನೆ ಕೇಳುತ್ತಿರಬೇಕು. ಮಠಗಳು, ಜಮಾತುಗಳು, ಧರ್ಮಪ್ರಾಂತಗಳು ಈ ಕೆಲಸಕ್ಕೆ ಕೈಹಾಕಿದರೆ ಆ ಎಚ್ಚರಕ್ಕೆ ಬಲ ಬರುತ್ತದೆ. ಅನೇಕ ವೈದ್ಯಕೀಯ ಕಾಲೇಜುಗಳನ್ನು ನಡೆಸುತ್ತಿರುವವರು ನೀವೇ ಅಲ್ಲವೇ? ನಿಮ್ಮ ಆಸ್ಪತ್ರೆಯಲ್ಲಿ ಬಡವನ ಸರದಿ ತಪ್ಪದಂತೆ ನೋಡಿಕೊಳ್ಳುವುದು ನಿಮ್ಮ ಧರ್ಮದ ಭಾಗ.

ಇಲ್ಲಿ ಹೆಂಗಸರ ಪರವಾಗಿ ಒಂದು ಮಾತು ಹೇಳಲೇಬೇಕು. ಬದುಕಿದ್ದಾಗಲೇ ಮನೆಯವರಿಗೆ ಮೂತ್ರಪಿಂಡ, ಯಕೃತ್ತಿನ ತುಂಡು ಕೊಡುವವರಲ್ಲಿ ನಮ್ಮ ದೇಶದಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ತಾಯಿ ಕೊಡುತ್ತಾಳೆ, ಹೆಂಡತಿ ಕೊಡುತ್ತಾಳೆ, ಅಕ್ಕ ಕೊಡುತ್ತಾಳೆ. ಆ ತ್ಯಾಗಕ್ಕೆ ಕೈಮುಗಿಯುತ್ತೇನೆ. ಆದರೆ ಅದರಲ್ಲಿ ಎಷ್ಟು ಪಾಲು ಮನಸ್ಸಿನಿಂದ ಬಂದದ್ದು, ಎಷ್ಟು ಪಾಲು ಮನೆಯವರ ನೋಟಕ್ಕೆ ಹೆದರಿ ಬಂದದ್ದು ಎಂದು ಯಾರೂ ಅಳೆಯಲಾರರು. ಪತಿವ್ರತೆಯರ, ತ್ಯಾಗಮಯಿ ತಾಯಂದಿರ ಕಥೆ ಹೇಳುವಾಗ ಗಂಡಸರಿಗೂ ಅದೇ ಪಾಠ ಹೇಳಿ. ಸತ್ತವರಿಂದ ಸಾಕಷ್ಟು ಅಂಗಾಂಗಗಳು ಬಂದರೆ ಬದುಕಿರುವ ಹೆಣ್ಣುಮಗಳು ತನ್ನ ಮೈ ಕೊಯ್ಸಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಅವಳ ದೇಹಕ್ಕೂ ಅಷ್ಟೇ ಬೆಲೆ ಇದೆ ಎಂದು ಪೀಠದಿಂದ ಕೇಳಿಬರಲಿ.

ಕಣ್ಣು, ಅಂಗ ಕೊಟ್ಟ ಮೇಲೆ ದೇಹ ಮನೆಗೆ ಬರುತ್ತದೆ. ವೈದ್ಯರು ಹೊಲಿದು, ಮುಖ ವಿಕಾರವಾಗದಂತೆ ನೋಡಿಕೊಂಡು ಒಪ್ಪಿಸುತ್ತಾರೆ. ಸ್ನಾನ ಮಾಡಿಸಬಹುದು, ವಿಭೂತಿ ಹಚ್ಚಬಹುದು, ಕಫನ್ ಹೊದಿಸಬಹುದು, ಮಾಡುವ ಸಂಸ್ಕಾರವನ್ನೆಲ್ಲ ಮಾಡಬಹುದು. ಕೊಯ್ಯುವುದು ಬೇಡ ಎಂದು ಹಿಂಜರಿಯುವವರಿಗೆ ಇನ್ನೊಂದು ಮಾತನ್ನು ಹೇಳಬೇಕು: ಅಪಘಾತದ ಸಾವಿಗೆ ಮರಣೋತ್ತರ ಪರೀಕ್ಷೆ ಹೇಗೂ ನಡೆಯುತ್ತದೆ. ಕೊಯ್ಯುವುದು ತಪ್ಪುವುದಿಲ್ಲ, ಕೊಡುವ ಅವಕಾಶ ಮಾತ್ರ ತಪ್ಪಿಹೋಗುತ್ತದೆ. ಕಣ್ಣಿನ ವಿಷಯವಂತೂ ಇನ್ನೂ ಸುಲಭ. ಮನೆಯಲ್ಲೇ ತೀರಿಕೊಂಡವರೂ ಕೊಡಬಹುದು. ಕನ್ನಡಕ ಇದ್ದರೂ, ಸಕ್ಕರೆ ಕಾಯಿಲೆ ಇದ್ದರೂ, ಪೊರೆಯ ಶಸ್ತ್ರಚಿಕಿತ್ಸೆ ಆಗಿದ್ದರೂ ಅಡ್ಡಿಯಿಲ್ಲ. ಆರು ಗಂಟೆಯ ಒಳಗೆ ನೇತ್ರ ಬ್ಯಾಂಕಿನವರು ಬರಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯನ್ನು ದಿಂಬಿನ ಮೇಲೆ ಎತ್ತರಿಸಿ, ಫ್ಯಾನು ಆರಿಸಿದರೆ ಸಾಕು. ದೂರದಿಂದ ನೆಂಟರು ಬರಲಿ ಎಂದು ನಾವು ಕಾಯುತ್ತೇವಲ್ಲ, ಅಷ್ಟರಲ್ಲಿ ಆಗಿಹೋಗುವ ಕೆಲಸ.

ದೇಹದಾನದ ಮಾತು ಬೇರೆ. ಅಲ್ಲಿ ದೇಹ ಮನೆಗೆ ಬರುವುದಿಲ್ಲ, ಚಿತೆಯೂ ಇಲ್ಲ, ಗೋರಿಯೂ ಇಲ್ಲ. ಸಂಸ್ಕಾರವಿಲ್ಲದೆ ಹೇಗೆ ಎಂಬ ಪ್ರಶ್ನೆ ಎದೆಯಿಂದ ಬರುವಂಥದ್ದು. ಆದರೆ ಪರಂಪರೆ ಇದಕ್ಕೆ ಅಪರಿಚಿತವಲ್ಲ. ಹೆಣವನ್ನು ನೀರಿನಲ್ಲಿ ಏಳು ರಾತ್ರಿ ನೆನೆಸಿ, ಪದರ ಪದರವಾಗಿ ಚರ್ಮ ತೆಗೆದು ಒಳಗನ್ನು ಕಣ್ಣಾರೆ ಕಂಡು ಕಲಿಯಬೇಕು ಎಂದು ಸುಶ್ರುತ ಸಂಹಿತೆ ವೈದ್ಯನಿಗೆ ಹೇಳುತ್ತದೆ. ನಡುವೆ ಮೈಲಿಗೆಯ ಭಯ ಬೆಳೆದು ಆ ವಿದ್ಯೆ ಕೈತಪ್ಪಿತು. 1836ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಮಧುಸೂದನ ಗುಪ್ತರು ಮತ್ತೆ ಚಾಕು ಹಿಡಿದಾಗ ಅವರು ದಾಟಿದ್ದು ಆ ಭಯವನ್ನು. ಅವರೂ ಆಯುರ್ವೇದ ಓದಿದವರೇ. ಇನ್ನು ಸಂಸ್ಕಾರದ ಪ್ರಶ್ನೆ: ದೂರದೇಶದಲ್ಲಿ ಸತ್ತು ದೇಹ ಸಿಗದೆ ಹೋದವರಿಗೆ ಮುತ್ತುಗದ ಎಲೆಗಳಿಂದ ಪ್ರತಿಕೃತಿ ಮಾಡಿ ದಹಿಸುವ ಪಾಲಾಶ ವಿಧಿ ಶಾಸ್ತ್ರದಲ್ಲೇ ಇದೆ. ಸಿಗದ ದೇಹಕ್ಕೆ ದಾರಿ ತೋರಿಸಿದ ಶಾಸ್ತ್ರ, ಕೊಟ್ಟ ದೇಹಕ್ಕೆ ದಾರಿ ತೋರಿಸಲಾರದೇ? ಪುರೋಹಿತರು ಮನಸ್ಸು ಮಾಡಿದರೆ ದೇಹದಾನಿಗಳ ಮನೆಯವರಿಗೆ ಸಮಾಧಾನ ಕೊಡುವ ಕ್ರಮವೊಂದು ನಾಳೆಯೇ ಸಿದ್ಧವಾಗುತ್ತದೆ.

ದೇಹದಾನವನ್ನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಅಂಗರಚನಾ ಕಾಯ್ದೆಗಳು ಬಂದ ಕಾಲದಿಂದಲೂ ಕಾಲೇಜಿನ ಮೇಜಿನ ಮೇಲೆ ಮಲಗುತ್ತ ಬಂದವರು ವಾರಸುದಾರರಿಲ್ಲದವರು. ಬೀದಿಯಲ್ಲಿ, ಬಸ್ ನಿಲ್ದಾಣದಲ್ಲಿ, ಧರ್ಮಾಸ್ಪತ್ರೆಯಲ್ಲಿ ಒಂಟಿಯಾಗಿ ಸತ್ತವರು. ಬದುಕಿದ್ದಾಗ ಯಾರೂ ಅವರನ್ನು ಏನೂ ಕೇಳಲಿಲ್ಲ, ಸತ್ತ ಮೇಲೂ ಕೇಳಲಿಲ್ಲ. ನಮ್ಮ ಮಕ್ಕಳು ಡಾಕ್ಟರಾದದ್ದು ಅವರ ಮೈಯಿಂದ. ಇಷ್ಟಪಟ್ಟು ಕೊಡುವವರು ಹೆಚ್ಚಾದಾಗ ಮಾತ್ರ ಆ ಅನ್ಯಾಯ ಕಡಿಮೆಯಾಗುತ್ತದೆ. ಬೆಳಗಾವಿಯ ಡಾ. ಮಹಾಂತೇಶ ರಾಮಣ್ಣವರ ಅವರ ತಂದೆ ತಾವೂ ವೈದ್ಯರು, ತಮ್ಮ ದೇಹವನ್ನು ಕಲಿಕೆಗೆ ಬರೆದಿಟ್ಟಿದ್ದರು. 2010ರಲ್ಲಿ ಕೆ.ಎಲ್.ಇ. ಸಂಸ್ಥೆಯ ಆಯುರ್ವೇದ ಕಾಲೇಜಿನಲ್ಲಿ, ವಿದ್ಯಾರ್ಥಿಗಳ ಎದುರು, ತಂದೆಯ ದೇಹವನ್ನು ಮಗನೇ ಛೇದಿಸಿ ಪಾಠ ಹೇಳಿದರು. ಎಷ್ಟೋ ಜನ ಬೆಚ್ಚಿದರು. ನನಗೆ ಅದು ಮಗನೊಬ್ಬ ತಂದೆಯ ಮಾತು ನಡೆಸಿಕೊಟ್ಟ ಶ್ರಾದ್ಧವಾಗಿಯೇ ಕಾಣುತ್ತದೆ.

ದೇಹದ ಮೇಲಿನ ಮೋಹವನ್ನು ಬಿಡುವುದು ಹೇಗೆ ಎಂದು ತೋರಿಸಿದ ಗುರುಗಳೂ ನಮ್ಮ ನಡುವೆಯೇ ಇದ್ದರು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ದೇಹ ಬಿಟ್ಟರು. ತಮ್ಮ ದೇಹವನ್ನು ಹೂಳದೆ ದಹಿಸಬೇಕು, ಅಸ್ಥಿಯನ್ನು ನದಿಗೋ ಕಡಲಿಗೋ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು ಮೊದಲೇ ಬರೆದಿಟ್ಟಿದ್ದರು. ಗದ್ದುಗೆಯ ಪರಂಪರೆ ಗಟ್ಟಿಯಾಗಿ ಬೇರೂರಿದ ನಾಡಿನಲ್ಲಿ ಲಕ್ಷಾಂತರ ಭಕ್ತರು ಕಣ್ಣೀರಿಡುತ್ತ ಆ ಮಾತನ್ನು ನಡೆಸಿಕೊಟ್ಟರು. ಶತಮಾನಗಳ ರೂಢಿಯನ್ನು ಒಬ್ಬ ಗುರುವಿನ ಒಂದು ಹಾಳೆಯ ಬರಹ ಬದಲಿಸಿತು. ಯಾರೂ ಗಲಾಟೆ ಮಾಡಲಿಲ್ಲ, ಯಾರ ನಂಬಿಕೆಯೂ ಕೆಡಲಿಲ್ಲ. ನಿಮ್ಮ ಕೈಯಲ್ಲಿರುವ ಲೇಖನಿಗೂ ಅದೇ ಶಕ್ತಿ ಇದೆ.

ಈ ದಾನ ಮನುಷ್ಯರ ನಡುವಿನ ಗೋಡೆಗಳನ್ನೂ ದಾಟಬಲ್ಲದು. 1967ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಜಗತ್ತಿನ ಮೊದಲ ಹೃದಯ ಕಸಿ ನಡೆಯಿತು. ಕಾರು ಡಿಕ್ಕಿಯಾಗಿ ಎಡ್ವರ್ಡ್ ಡಾರ್ವಲ್ ಎಂಬಾತನ ಹೆಂಡತಿ ಸ್ಥಳದಲ್ಲೇ ಸತ್ತಿದ್ದಳು, ಮಗಳು ಡೆನಿಸ್ ಮೆದುಳು ಸತ್ತು ಮಲಗಿದ್ದಳು. ಒಂದೇ ದಿನದಲ್ಲಿ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡ ಆ ತಂದೆ ವೈದ್ಯರಿಗೆ ಒಪ್ಪಿಗೆ ಕೊಟ್ಟ. ಹೃದಯದ ಸುದ್ದಿ ಜಗತ್ತೆಲ್ಲ ಹಬ್ಬಿತು. ಅವಳ ಒಂದು ಮೂತ್ರಪಿಂಡ ಹತ್ತು ವರ್ಷದ, ಬಿಳಿಯನಲ್ಲದ ಒಬ್ಬ ಹುಡುಗನಿಗೆ ಹೋಯಿತು ಎಂಬುದನ್ನು ಗಮನಿಸಿದವರು ಕಡಿಮೆ. ಬೆಂಚು, ಬಸ್ಸು, ಶಾಲೆ, ವಾಸದ ಬಡಾವಣೆ ಎಲ್ಲವನ್ನೂ ಬಣ್ಣದ ಮೇಲೆ ಬೇರೆ ಮಾಡಿದ್ದ ವರ್ಣಭೇದದ ಕಾನೂನು ಜಾರಿಯಲ್ಲಿದ್ದ ದೇಶ ಅದು. ಬದುಕಿದ್ದಾಗ ಒಂದೇ ಬೆಂಚಿನ ಮೇಲೆ ಕೂರಲಾಗದಿದ್ದವರ ನಡುವೆ ಸಾವಿನ ನಂತರ ರಕ್ತಸಂಬಂಧ ಬೆಳೆಯಿತು. ನಮ್ಮಲ್ಲೂ ಕೇರಿ ಬೇರೆ, ಬಾವಿ ಬೇರೆ, ಸ್ಮಶಾನವೂ ಬೇರೆ ಇರುವ ಊರುಗಳಿವೆ. ಝೀರೋ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಹೊತ್ತು ಓಡುವ ಪೆಟ್ಟಿಗೆಯ ಮೇಲೆ ಜಾತಿ ಬರೆದಿರುವುದಿಲ್ಲ, ಕೊಟ್ಟವರ ಮತ್ತು ಪಡೆದವರ ಹೆಸರನ್ನು ಪರಸ್ಪರರಿಗೆ ತಿಳಿಸುವುದೂ ಇಲ್ಲ. ನೀವು ಸಾವಿರ ಪ್ರವಚನಗಳಲ್ಲಿ ಹೇಳುವ ಸಮಾನತೆ ಅಲ್ಲಿ ಯಾವ ಮಾತೂ ಇಲ್ಲದೆ ನಡೆದುಹೋಗುತ್ತದೆ.

ಆದ್ದರಿಂದ ನಿಮ್ಮಲ್ಲಿ ನಾಲ್ಕು ಬೇಡಿಕೆಗಳನ್ನು ಇಡುತ್ತೇನೆ.

ಮೊದಲನೆಯದು, ನಿಮ್ಮ ಜಾತ್ರೆಯಲ್ಲಿ, ಉರೂಸಿನಲ್ಲಿ, ಹಬ್ಬದ ಪೂಜೆಯಲ್ಲಿ, ಚಾತುರ್ಮಾಸದ ಪ್ರವಚನದಲ್ಲಿ ವರ್ಷಕ್ಕೊಮ್ಮೆಯಾದರೂ ಈ ವ್ರತದ ಬಗ್ಗೆ ಮಾತಾಡಿ. ಹೌದು, ವ್ರತವೆಂದೇ ಕರೆಯಿರಿ. ಅನ್ನದಾಸೋಹದ ಪಕ್ಕದಲ್ಲೇ ನೇತ್ರದಾನದ ನೋಂದಣಿಗೆ ಒಂದು ಮೇಜು ಹಾಕಿಸಿ.

ಎರಡನೆಯದು, ಮೊದಲ ಅರ್ಜಿ ನಿಮ್ಮದಾಗಿರಲಿ. ಪೀಠದಲ್ಲಿ ಕೂತವರು ಎಲ್ಲರೆದುರು ಸಹಿ ಹಾಕಿದರೆ ಕೆಳಗೆ ಕೂತವರಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ. ಆ ಅರ್ಜಿಯ ವಿಷಯವನ್ನು ಮನೆಯವರಿಗೂ ಶಿಷ್ಯರಿಗೂ ತಿಳಿಸಿರಬೇಕೆಂದು ಎಲ್ಲರಿಗೂ ಹೇಳಿ. ಪೆಟ್ಟಿಗೆಯಲ್ಲಿ ಉಳಿದ ಪ್ರತಿಜ್ಞಾಪತ್ರದಿಂದ ಯಾರಿಗೂ ಪ್ರಯೋಜನವಿಲ್ಲ.

ಮೂರನೆಯದು, ಆಸ್ಪತ್ರೆಯಿಂದ ಬರುವ ಫೋನಿಗೆ ಸಿದ್ಧರಾಗಿರಿ. ಮೆದುಳಿನ ಸಾವು ಎಂದರೇನು, ಯಾವ ಪರೀಕ್ಷೆ ನಡೆಯುತ್ತದೆ, ಸಂಸ್ಕಾರಕ್ಕೆ ಅಡ್ಡಿಯಿದೆಯೇ ಎಂಬುದನ್ನು ವೈದ್ಯರ ಜೊತೆ ಕೂತು ತಿಳಿದುಕೊಳ್ಳಿ. ಸಾಧ್ಯವಾದರೆ ಆ ಮನೆಯವರ ಬಳಿಗೆ ಹೋಗಿ ಪಕ್ಕದಲ್ಲಿ ನಿಲ್ಲಿ. ಅವರು ಬೇಡ ಎಂದರೆ ಅದನ್ನೂ ಗೌರವಿಸಿ, ತಪ್ಪಿತಸ್ಥರನ್ನಾಗಿ ಮಾಡಬೇಡಿ. ಒತ್ತಾಯದಿಂದ ಕಸಿದದ್ದು ದಾನವಲ್ಲ.

ನಾಲ್ಕನೆಯದು, ಕೊಟ್ಟವರ ಮನೆಯನ್ನು ಮರೆಯಬೇಡಿ. ನೆರೆಯ ತಮಿಳುನಾಡು 2023ರಲ್ಲಿ ಅಂಗಾಂಗ ದಾನಿಗಳ ಅಂತ್ಯಕ್ರಿಯೆಗೆ ಸರ್ಕಾರಿ ಗೌರವ ಘೋಷಿಸಿತು. ಸರ್ಕಾರ ಕೊಡುವ ಗೌರವ ಒಂದು ದಿನದ್ದು. ದೇವಸ್ಥಾನ, ಮಸೀದಿ, ಚರ್ಚು, ಬಸದಿ ಕೊಡುವ ಗೌರವ ಊರಿನ ನೆನಪಾಗಿ ಉಳಿಯುತ್ತದೆ. ವರ್ಷದ ಒಂದು ದಿನ ಅವರ ಹೆಸರು ಓದಿ, ಅವರ ತಂದೆತಾಯಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ.

ಮನುಷ್ಯ ಯಾರು ಎಂಬ ಪ್ರಶ್ನೆಗೆ ನಿಮ್ಮ ಗ್ರಂಥಗಳಲ್ಲಿ ಬೇರೆ ಬೇರೆ ಉತ್ತರಗಳಿರಬಹುದು. ದೇವರ ಅಂಶ ಎನ್ನಬಹುದು, ದೇವರ ಸೃಷ್ಟಿ ಎನ್ನಬಹುದು, ಕರ್ಮದ ಬಂಧನದಲ್ಲಿರುವ ಜೀವ ಎನ್ನಬಹುದು. ಯಾವ ಉತ್ತರವನ್ನು ಒಪ್ಪಿದರೂ ಇನ್ನೊಬ್ಬನ ಜೀವ ನನ್ನ ಜೀವದಷ್ಟೇ ದೊಡ್ಡದು ಎಂಬಲ್ಲಿಗೇ ಬಂದು ನಿಲ್ಲಬೇಕು. ಅಲ್ಲಿಗೆ ತಲುಪದ ನಂಬಿಕೆ ಆಚಾರವಾಗಿ ಉಳಿಯುತ್ತದೆ, ಧರ್ಮವಾಗುವುದಿಲ್ಲ. ಜನ ನಿಮ್ಮ ಮಾತಿಗಾಗಿ ಕಾಯುತ್ತಿದ್ದಾರೆ. ಮುಂದಿನ ವಾರದ ಪ್ರವಚನದಲ್ಲಿ, ಮುಂದಿನ ಶುಕ್ರವಾರದ ಖುತ್ಬಾದಲ್ಲಿ, ಮುಂದಿನ ಭಾನುವಾರದ ಪೂಜೆಯಲ್ಲಿ ದಯವಿಟ್ಟು ಆ ಮಾತನ್ನು ಆಡಿ.

ಇಂತಿ,
ನಿಮ್ಮ ಮಾತನ್ನು ಶ್ರದ್ಧೆಯಿಂದ ಕೇಳುವವರಲ್ಲಿ ಒಬ್ಬಳು